ಕುತ್ತಿಗೆಯ ಮೇಲೆ ಎರಡು ಬೆರಳು

ನನ್ನ ದೊಡ್ಡಪ್ಪನ ಕುತ್ತಿಗೆಯನ್ನು ನಾನು ಎರಡು ಬಾರಿ ಮುಟ್ಟಿದ್ದೇನೆ. ಎರಡು ಸಲವೂ ಪ್ರೀತಿಯಿಂದ ಮುಟ್ಟಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೇರಿಕೆ ಸಂತೆಯಲ್ಲಿ ಈಗಲೂ ಕೆಲವರು ನನ್ನನ್ನು ನಿಲ್ಲಿಸಿ, ನಿನ್ನದು ದೊಡ್ಡ ಮನಸ್ಸು ಕಣವ್ವ ಎಂದು ಹೊಗಳುತ್ತಾರೆ. ನನ್ನ ಮನಸ್ಸು ಅಷ್ಟೇನೂ ದೊಡ್ಡದಲ್ಲ. ಅದರಲ್ಲಿ ಆ ಮನುಷ್ಯನಿಗೆಂದು ಇದ್ದ ಜಾಗದ ತುಂಬ ಸಿಟ್ಟೇ ಇತ್ತು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಒಡಹುಟ್ಟಿದ ಅಣ್ಣ. ಊರಿನಿಂದಾಚೆ, ಹೊಲದಲ್ಲೇ ನಮ್ಮ ಎರಡು ಮನೆಗಳಿವೆ. ನಡುವೆ ಒಂದೇ ಗೋಡೆ, ಈ ಕಡೆ ಸೀನಿದರೆ ಆ ಕಡೆ ಕೇಳುತ್ತದೆ. ಭಾಗವಾದ ಮೇಲೆ ಅವನು ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಎಳೆದು, ಇಬ್ಬರಿಗೂ ಸೇರಬೇಕಾದ ಬಾವಿಯನ್ನು ತನ್ನ ಬೇಲಿಯೊಳಕ್ಕೆ ಹಾಕಿಕೊಂಡ. ನಮ್ಮಪ್ಪ ಜಗಳದ ಜೀವವಲ್ಲ. ಕೇಳಲು ಹೋದ, ಬೈಸಿಕೊಂಡ, ವಾಪಸು ಬಂದು ಎಮ್ಮೆಗೆ ಹುಲ್ಲು ಹಾಕಿದ. ಅವನ ಪಾಲಿನ ಜಗಳವನ್ನೂ ಸೇರಿಸಿ ನಾನೂ ಅವ್ವನೂ ಆಡಿದೆವು. ಅಲ್ಲಿಂದ ಎರಡು ಮನೆಗೂ ಮಾತಿಲ್ಲ. ಸಾನಮಾವು ಕಾಡಿನ ಕಡೆ ಆನೆ ಬಂದರೆ ಹಗೆಯವರೂ ಒಂದೇ ಕಡೆ ನಿಂತು ತಮಟೆ ಬಡಿಯುತ್ತಾರಂತೆ. ನಮ್ಮ ಮನೆಗಳ ಮುಂದೆ ಆನೆ ಬಂದು ನಿಂತಿದ್ದರೂ, ಅದು ಯಾರ ಬೇಲಿ ಮುರಿಯುತ್ತದೆ ನೋಡೋಣ ಎಂದು ಎರಡು ಕಡೆಯವರೂ ಕಾಯುತ್ತಿದ್ದೆವು.

ಬೇಲಿಯನ್ನಾದರೂ ನಾನು ಮರೆಯುತ್ತಿದ್ದೆನೇನೋ. ಮರೆಯಲಾಗದ್ದು ಅವ್ವ ಸತ್ತ ದಿನ.

ನಮ್ಮಲ್ಲಿ ಒಂದು ಮನೆಯಲ್ಲಿ ಸಾವಾದರೆ ದಾಯಾದಿಗಳ ಮನೆಗೂ ಸೂತಕ. ಎಷ್ಟೇ ಹಗೆಯಿರಲಿ, ಮಾತು ಬಿಟ್ಟು ಎಷ್ಟೇ ಕಾಲವಾಗಿರಲಿ, ಸೂತಕ ಮಾತ್ರ ಹಿಡಿಯುತ್ತಾರೆ. ತಲೆಗೆ ನೀರು ಹಾಕಿಕೊಳ್ಳುತ್ತಾರೆ, ಆವತ್ತು ಹೊಲದ ಕೆಲಸ ಮಾಡುವುದಿಲ್ಲ, ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಹಿಡಿಯಲಿಲ್ಲ ಎಂದರೆ ಸತ್ತವರು ನಮ್ಮ ರಕ್ತವೇ ಅಲ್ಲ ಎಂದು ಸಾರಿದ ಹಾಗೆ. ಅವ್ವನನ್ನು ಅಂಗಳದಲ್ಲಿ ಮಲಗಿಸಿದ್ದೆವು. ದೊಡ್ಡಪ್ಪ ಬರಲಿಲ್ಲ. ಪಂಪುಮನೆಗೆ ಹೋಗಿ ಮೋಟಾರು ಹಾಕಿ ಕೋಸಿಗೆ ನೀರು ಬಿಟ್ಟ. ಮಧ್ಯಾಹ್ನ ಗೋಡೆಯಾಚೆ ಸಾಸಿವೆ ಚಟಪಟ ಸಿಡಿಯಿತು. ಅಳುತ್ತಿದ್ದ ಹೆಂಗಸರೆಲ್ಲ ಗೋಡೆಯ ಕಡೆ ತಿರುಗಿದರು. ಒಣಮೆಣಸಿನಕಾಯಿಯ ಘಾಟು ಅವ್ವನ ಹೆಣದ ತನಕ ಬಂತು. ಅಪ್ಪ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. ಅವನು ಸಾಯುವ ದಿನ ನಮ್ಮ ಮನೆಯಲ್ಲೂ ಒಗ್ಗರಣೆ ಹಾಕುತ್ತೇನೆ, ಕಿಟಕಿ ತೆಗೆದಿಟ್ಟು, ಮೆಣಸಿನಕಾಯಿ ಜಾಸ್ತಿ ಹಾಕಿ, ಎಂದು ಅವ್ವನ ಕಾಲ ಬಳಿ ಕೂತು ಗಟ್ಟಿ ಮಾಡಿಕೊಂಡೆ. ಆ ದಿನ ಬರಲಿ ಎಂದು ಕಾದೆ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ.

ನನಗೆ ಕೆಲಸ ಹೊಸೂರಿನ ಪಕ್ಕದ ಒಂದು ಕಾರ್ಖಾನೆಯಲ್ಲಿ. ಗಾಡಿಗಳಿಗೆ ಹಾಕುವ ವೈರುಗಳನ್ನು ಜೋಡಿಸುವ ಲೈನಿನಲ್ಲಿ ನಿಲ್ಲುತ್ತೇನೆ. ನನ್ನ ಬಾಯಿ ಜೋರು ಎನ್ನುವ ಒಂದೇ ಕಾರಣಕ್ಕೆ ಸೂಪರ್‌ವೈಸರ್ ನನ್ನನ್ನು ಫಸ್ಟ್ ಏಡ್ ತಂಡಕ್ಕೆ ಹಾಕಿದ್ದ. ಕ್ಯಾಂಟೀನಿನ ನೆಲದ ಮೇಲೆ ಒಂದು ರಬ್ಬರ್ ಗೊಂಬೆ ಮಲಗಿಸಿ, ತರಬೇತಿಯವನು ಅರ್ಧ ತಮಿಳಿನಲ್ಲಿ ಅರ್ಧ ಇಂಗ್ಲಿಷಿನಲ್ಲಿ ಹೇಳಿಕೊಟ್ಟ. ಬಿದ್ದವರ ಭುಜ ತಟ್ಟಿ ಹೆಸರು ಹಿಡಿದು ಕೂಗಬೇಕು. ಉಸಿರು ನೋಡಬೇಕು. ಗಂಟಲಿನ ಉಬ್ಬಿನ ಪಕ್ಕದ ತಗ್ಗಿನಲ್ಲಿ ಎರಡು ಬೆರಳಿಟ್ಟು ನಾಡಿ ನೋಡಬೇಕು. ಜೀವ ಹೋಗುತ್ತಿರುವಾಗ ಮಣಿಕಟ್ಟಿನ ನಾಡಿಯನ್ನು ನಂಬಬಾರದು. ಹೆಬ್ಬೆರಳನ್ನಂತೂ ಇಡಲೇಬಾರದು, ಏಕೆಂದರೆ ಹೆಬ್ಬೆರಳಿಗೆ ತನ್ನದೇ ನಾಡಿಯಿದೆ, ನೋಡುವವರು ತಮ್ಮ ನಾಡಿಯನ್ನೇ ಬಿದ್ದವರದ್ದು ಎಂದುಕೊಂಡುಬಿಡುತ್ತಾರೆ. ನಾಡಿ ಇಲ್ಲವೋ, ತಡಮಾಡದೆ ಎದೆ ಒತ್ತಬೇಕು.

ಆ ಸಂಜೆ ಮನೆಗೆ ಬಂದು ಅಪ್ಪನ ಮೇಲೆ ಅಭ್ಯಾಸ ಮಾಡಲು ಹೋದೆ. ಬೆರಳು ತಗುಲಿದ್ದೇ ತಡ, ಕೈ ತಳ್ಳಿಬಿಟ್ಟ. ಕುತ್ತಿಗೆಗೆಲ್ಲ ಕೈ ಹಾಕಬಾರದು, ಮನೆಗೆ ಒಳ್ಳೆಯದಲ್ಲ ಎಂದ. ನಮ್ಮ ಕಡೆ ನಾಡಿ ಎಂದರೆ ಮಣಿಕಟ್ಟು, ಊರಿನ ಹಿರಿಯರು ಹಿಡಿದು ನೋಡಿ ತಲೆಯಾಡಿಸುವುದೂ ಅಲ್ಲೇ. ಇನ್ನೊಬ್ಬರ ಕುತ್ತಿಗೆಗೆ ಕೈ ಹೋಗುವುದು ತಾಳಿ ಕಟ್ಟುವಾಗ, ಇಲ್ಲವೇ ಕೊಲ್ಲುವಷ್ಟು ಸಿಟ್ಟು ಬಂದಾಗ. ನಾನು ನಕ್ಕು, ಎಮ್ಮೆಯ ಕುತ್ತಿಗೆಯಲ್ಲಿ ಹುಡುಕಿದೆ. ಅದು ಅಪ್ಪನಿಗಿಂತ ವಾಸಿ, ಸುಮ್ಮನೆ ನಿಂತಿತ್ತು.

ಇದಾದ ಮೇಲೆ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಟಾರು ರಸ್ತೆಯಲ್ಲಿ ಇಳಿದು ನಮ್ಮ ಹೊಲದ ಬದುವಿನ ಮೇಲೆ ಬರುತ್ತಿದ್ದೆ. ತ್ರೀ ಫೇಸ್ ಕರೆಂಟು ಬರುವ ಹೊತ್ತು. ಕರೆಂಟು ಬಂತೆಂದರೆ ನಮ್ಮ ಕಡೆ ಗಂಡಸರು ಉಣ್ಣುವ ತಟ್ಟೆ ಬಿಟ್ಟು ಮೋಟಾರಿಗೆ ಓಡುತ್ತಾರೆ. ದೊಡ್ಡಪ್ಪನ ಪಂಪುಮನೆ ನಮ್ಮ ಬದುವಿಗೆ ಅಂಟಿಕೊಂಡೇ ಇದೆ, ನಡುವೆ ಆ ಬೇಲಿ ಅಷ್ಟೇ. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಅವನು ಅದರ ಮುಂದೆ, ಒದ್ದೆ ನೆಲದಲ್ಲಿ, ಮಗುಚಿಕೊಂಡು ಬಿದ್ದಿದ್ದ. ಒಂದು ಚಪ್ಪಲಿ ಮೋರಿಯಲ್ಲಿತ್ತು.

ಅದೇ ಮೋಟಾರು. ಅವ್ವ ಅಂಗಳದಲ್ಲಿದ್ದಾಗ ಗುಂಯ್‌ಗುಟ್ಟಿದ ಮೋಟಾರು. ಆಗಲಿ, ಹಾಗೇ ಆಗಬೇಕು ಎಂದು ನನ್ನ ಬಾಯಿ ಅಂದಿತು. ಅನ್ನುತ್ತಲೇ ನಾನು ಬ್ಯಾಗು ಎಸೆದು ಮುಳ್ಳುತಂತಿಯ ಕೆಳಗೆ ನುಸುಳಿದ್ದೆ, ಕಂಪನಿ ಕೋಟಿನ ಬೆನ್ನು ಹರಿಯಿತು. ಒಣಗಿದ ಕೋಲಿನಿಂದ ಮೇನ್ ಸ್ವಿಚ್ಚನ್ನು ಕೆಳಕ್ಕೆ ಹೊಡೆದೆ. ಅವನನ್ನು ಅಂಗಾತ ಮಾಡಿದೆ. ಭುಜ ತಟ್ಟಿದೆ. ಕೂಗಬೇಕಲ್ಲ? ದೊಡ್ಡಪ್ಪ ಎಂಬ ಮಾತು ನಾಲಿಗೆಗೆ ಬರಲಿಲ್ಲ. ‘ಯೋವ್, ಯೋವ್’ ಎಂದು ಕೂಗಿದೆ, ಯಾರೋ ಬೀದಿಯಲ್ಲಿ ಹೋಗುವವನನ್ನು ಕರೆದ ಹಾಗೆ.

ಎರಡು ಬೆರಳು ಕುತ್ತಿಗೆಗಿಟ್ಟೆ. ಕ್ಷೌರ ಮಾಡದ ಗಡ್ಡ, ಬೆವರು, ಬೀಡಿಯ ನಾತ. ಒಳಗೆ ಏನೂ ಇಲ್ಲ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರ್ ಎನ್ನುತ್ತಿದ್ದ, ಅದು ಉಸಿರಲ್ಲ, ಮೋಸ ಹೋಗಬೇಡಿ ಎಂದು ತರಬೇತಿಯವನು ಹೇಳಿದ್ದ. ಅಪ್ಪನನ್ನು ಕಿರುಚಿ ಕರೆದೆ. ಆಂಬುಲೆನ್ಸಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು, ದಾರಿ ಹೇಳುತ್ತಾ ಎದೆಯ ನಡುವೆ ಅಂಗೈಯ ಮೇಲೆ ಅಂಗೈ ಇಟ್ಟು ಒತ್ತತೊಡಗಿದೆ. ಗೊಂಬೆಯ ಎದೆ ಒತ್ತಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಇದು ಲಟಕ್ಕೆಂದಿತು. ಪಕ್ಕೆಲುಬು ಮುರಿದರೂ ನಿಲ್ಲಿಸಬೇಡಿ ಎಂದಿದ್ದರು. ನಿಲ್ಲಿಸಲಿಲ್ಲ. ಒತ್ತಿದಷ್ಟು ಸಲವೂ ಅವನನ್ನು ಬೈದೆ. ಬಾವಿಗೊಂದು, ಬೇಲಿಗೊಂದು, ಅವ್ವನಿಗೊಂದು. ನಿಜ ಹೇಳಬೇಕೆಂದರೆ ಬೈಗುಳವೇ ನನಗೆ ತಾಳ ತಪ್ಪದಂತೆ ನೋಡಿಕೊಂಡಿತು.

ಒಂದಷ್ಟು ಹೊತ್ತು ಒತ್ತಿ, ನಾಡಿ ಬಂದಿದೆಯೇನೋ ಎಂದು ಮತ್ತೆ ಕುತ್ತಿಗೆಗೆ ಬೆರಳಿಟ್ಟೆ. ಸರಿಯಾಗಿ ಅದೇ ಗಳಿಗೆಗೆ ದೊಡ್ಡವ್ವ ಗಂಡನಿಗೆ ಕಾಫಿ ತೆಗೆದುಕೊಂಡು ಬಂದಳು. ಹಿಂದೆಯೇ ಅವಳ ಮಗ, ನನಗೆ ಅಣ್ಣನಾಗಬೇಕು, ಗೂಡ್ಸ್ ಗಾಡಿ ಓಡಿಸುತ್ತಾನೆ. ಅವರು ಕಂಡಿದ್ದೇನು? ಮಾತುಬಿಟ್ಟ ಮನೆಯ ಹುಡುಗಿ, ಬೇಲಿ ನುಗ್ಗಿ ಬಂದು, ನೆಲಕ್ಕೆ ಬಿದ್ದ ಯಜಮಾನನ ಪಕ್ಕ ಮಂಡಿಯೂರಿ ಕುತ್ತಿಗೆಗೆ ಕೈ ಹಾಕಿದ್ದಾಳೆ, ಬಾಯಲ್ಲಿ ಕೆಟ್ಟ ಬೈಗುಳ ಬೇರೆ. ಕಾಫಿಯ ಚೊಂಬು ಕೆಳಗೆ ಬಿತ್ತು.

‘ಕೊಂದ್ಬುಟ್ಳು, ಕುತ್ಗೆ ಇಸುಕಿ ಕೊಂದ್ಬುಟ್ಳು’ ಎಂದು ದೊಡ್ಡವ್ವ ಅರಚಿದಳು.

ಅಣ್ಣ ನನ್ನ ಜಡೆ ಹಿಡಿದು ಹಿಂದಕ್ಕೆಳೆದ. ನಾನು ಅವನ ಕೈ ಕಚ್ಚಿದೆ. ಅವನು ನನ್ನನ್ನು ಕಲ್ಲುಕಂಬಕ್ಕೆ ಒತ್ತಿ ಹಿಡಿದ. ದೊಡ್ಡಪ್ಪ ಅಲ್ಲಿ ಒಬ್ಬನೇ ಬಿದ್ದಿದ್ದ, ಎದೆಯ ಮೇಲೆ ಯಾರ ಕೈಯೂ ಇಲ್ಲ. ಅವನ ಪ್ರಾಣ ಹೋಗುತ್ತಿದ್ದದ್ದು ಈಗ ಕರೆಂಟಿನಿಂದಲ್ಲ, ಇವರಿಂದ. ಕರೆಂಟು ಹೊಡೆದಿದೆ, ಒತ್ತದಿದ್ದರೆ ಸಾಯುತ್ತಾನೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಣ್ಣ ನನ್ನನ್ನು ಬಿಟ್ಟು ಓಡಿ ತನ್ನಪ್ಪನ ಮಣಿಕಟ್ಟು ಹಿಡಿದ. ಹೆಬ್ಬೆರಳಿನಿಂದ, ಬಿಗಿಯಾಗಿ, ಹಿರಿಯರು ಹಿಡಿಯುವ ಹಾಗೆಯೇ. ಅವನ ಮುಖ ಅರಳಿತು.

‘ಐತೆ ಕಣವ್ವ, ನಾಡಿ ಹೊಡ್ಕೊಂತೈತೆ. ಇವ್ಳು ಬರ್ದೇ ಇದ್ದಿದ್ರೆ ಎದ್ದು ಕೂತಿರೋನು.’

ದೊಡ್ಡವ್ವ ಗಂಡನ ಬಾಯಿಗೆ ನೀರು ಬಿಡಲು ಚೊಂಬು ಹುಡುಕುತ್ತಿದ್ದಳು. ನನಗೆ ಬಂದ ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತು. ‘ಅದು ನಿನ್ ನಾಡಿ’ ಎಂದೆ. ‘ಬಂದು ಈ ಕಲ್ಲುಕಂಬ ಹಂಗೇ ಹಿಡ್ಕೊಂಡ್ ನೋಡು, ಅದ್ಕೂ ಹೊಡ್ಕೊಂತೈತೆ.’

ಅವನು ನನ್ನನ್ನೇ ನೋಡಿದ. ಕೈ ಬಿಡಲಿಲ್ಲ. ಹೆಬ್ಬೆರಳಿನಡಿ ಅಷ್ಟು ಚೆನ್ನಾಗಿ ಹೊಡೆದುಕೊಳ್ಳುತ್ತಿರುವ ನಾಡಿಯನ್ನು ಬಿಟ್ಟು ಹಗೆಯವಳ ಮಾತನ್ನು ಯಾರು ನಂಬುತ್ತಾರೆ? ನಾನು ಹತ್ತಿರ ಹೋದರೆ ಮತ್ತೆ ತಳ್ಳಲು ಮೊಣಕೈ ಎತ್ತಿದ. ಆಗ ಅಪ್ಪ ಕೊಟ್ಟಿಗೆಯಿಂದ ಓಡಿ ಬಂದು ಬೇಲಿಯ ಆಚೆ ನಿಂತ. ಕೈಯಲ್ಲಿ ಸೊಪ್ಪು ಕತ್ತರಿಸುವ ಮಚ್ಚಿತ್ತು. ಅದನ್ನು ಕಂಡು ದೊಡ್ಡವ್ವನ ಅರಚಾಟ ಇನ್ನೂ ಏರಿತು. ಅಪ್ಪ ಮಚ್ಚನ್ನು ಕೆಳಗೆ ಹಾಕಿದ. ಭಾಗವಾದ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು, ಅದೂ ಮೆತ್ತಗೆ.

‘ಅತ್ಗೆ, ಕೊಲ್ಬೇಕು ಅಂತಿದ್ರೆ ಅವ್ಳು ಕೈ ಕಟ್ಕೊಂಡು ನಿಂತಿದ್ರೆ ಸಾಕಾಗಿತ್ತು. ಬುಡು ಅವ್ಳ್ನ.’

ದೊಡ್ಡವ್ವ ಗಂಡನ ಮುಖ ನೋಡಿದಳು. ತುಟಿ ನೀಲಿಗಟ್ಟಿತ್ತು. ಮಗನ ಭುಜ ಹಿಡಿದು ಪಕ್ಕಕ್ಕೆ ಎಳೆದದ್ದು ಅವಳೇ. ನಾನು ಮತ್ತೆ ಮಂಡಿಯೂರಿ ಶುರು ಮಾಡಿದೆ. ತೋಳು ಸೋತಾಗ ಅಣ್ಣನನ್ನು ಕರೆದು ಅದೇ ಜಾಗದಲ್ಲಿ ಅವನ ಕೈ ಇರಿಸಿದೆ. ಮೊದಲು ಹೆದರಿ ಹೆದರಿ ಒತ್ತಿದ. ಹೂವಿನ ಮೂಟೆ ಅದುಮುತ್ತಿದ್ದೀಯಾ, ಜೋರಾಗಿ ಒತ್ತೋ ಎಂದು ಗದರಿದೆ. ಅವನು ಅಳುತ್ತಾ ಒತ್ತಿದ. ನಾವಿಬ್ಬರೂ ಸರದಿಯ ಮೇಲೆ ಒತ್ತಿದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಕಚ್ಚಿದ ಜಾಗದಲ್ಲಿ ಅವನ ಕೈಯಿಂದ ರಕ್ತ ಬರುತ್ತಿತ್ತು.

ಆಂಬುಲೆನ್ಸು ಬಂದದ್ದು ಟಾರು ರಸ್ತೆಯಿಂದ, ಎಂದರೆ ನಮ್ಮ ಹೊಲದ ಕಡೆಯಿಂದ. ಸ್ಟ್ರೆಚರು ಒಳಗೆ ಬರಲು ಬೇಲಿ ಅಡ್ಡ. ಸುತ್ತು ಹಾಕಿ ಬರುವಷ್ಟು ಪುರುಸೊತ್ತಿರಲಿಲ್ಲ. ಅಪ್ಪ ಮಚ್ಚೆತ್ತಿಕೊಂಡು, ಇಷ್ಟು ಕಾಲ ಬೆರಳು ಕೂಡ ಸೋಕಿಸದ ಆ ತಂತಿಗಳನ್ನು ಕಂಬಕ್ಕಿಟ್ಟು ಕಡಿದ. ಒಂದೊಂದು ತಂತಿಯೂ ಟಣ್ಣೆಂದು ಹಾರಿತು. ಅವನ ಮುಖದಲ್ಲಿ ಅಂಥ ಕಸುವನ್ನು ನಾನು ಅವತ್ತೇ ಕಂಡದ್ದು.

ಆಂಬುಲೆನ್ಸಿನವನು ದೊಡ್ಡಪ್ಪನ ಮೈ ಒರೆಸಿ, ಎದೆಗೆ ಪಟ್ಟಿ ಅಂಟಿಸಿ, ಎಲ್ಲರನ್ನೂ ಹಿಂದಕ್ಕೆ ಸರಿಸಿ ಯಂತ್ರದಿಂದ ಶಾಕ್ ಕೊಟ್ಟ. ಕರೆಂಟಿನಿಂದ ಬಿದ್ದವನಿಗೆ ಮತ್ತೆ ಕರೆಂಟೇ ಎಂದು ದೊಡ್ಡವ್ವ ತಲೆ ಚಚ್ಚಿಕೊಂಡಳು. ಮತ್ತೆ ಒತ್ತಿದೆವು, ಮತ್ತೆ ಶಾಕ್ ಕೊಟ್ಟ. ಆಂಬುಲೆನ್ಸಿನವನು ದೊಡ್ಡಪ್ಪನ ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತುತ್ತಲೇ ನನಗೆ ಕುತ್ತಿಗೆಯ ಮೇಲೆ ಬೆರಳಿಟ್ಟಿರಲು ಹೇಳಿದ. ಇಟ್ಟೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಬೆರಳಿನಡಿ ಒಂದು ಸಲ ಏನೋ ತಟ್ಟಿತು. ನನ್ನದೇ ನಾಡಿಯಿರಬೇಕು ಎಂದು ಬೆರಳು ಸಡಿಲಿಸಿದೆ. ಮತ್ತೆ ತಟ್ಟಿತು. ನನ್ನ ಎದೆ ದಡಬಡ ಎನ್ನುತ್ತಿತ್ತು, ಇದು ನಿಧಾನ, ಬೇರೆಯೇ ಲೆಕ್ಕ.

‘ಇರುಕ್ಕಾ?’ ಎಂದು ಆಂಬುಲೆನ್ಸಿನವನು ತಮಿಳಿನಲ್ಲಿ ಕೇಳಿದ, ಇದೆಯಾ ಎಂದು.

‘ಇರುಕ್ಕು’ ಎಂದೆ.

ಆಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮರುಗಳಿಗೆಗೇ ಆ ಸಂತೋಷದ ಮೇಲೆ ಸಿಟ್ಟು ಬಂತು. ಅವ್ವನ ಕಾಲ ಬಳಿ ಕೂತು ಗಟ್ಟಿ ಮಾಡಿಕೊಂಡವಳು ಇವಳೇ ಏನು ಎಂದು ನನ್ನನ್ನೇ ಕೇಳಿಕೊಂಡೆ. ಮನೆಗೆ ಹೋಗಿ ಹರಿದ ಕೋಟು ಬಿಚ್ಚಿ ಎಸೆದು ಮಲಗಿದೆ.

ಹೊಸೂರಿನ ಆಸ್ಪತ್ರೆಯಿಂದ ಅವನು ನಡೆದುಕೊಂಡೇ ಬಂದ. ಬಂದವನು ಮೊದಲು ಮಾಡಿಸಿದ ಕೆಲಸ, ಬೇಲಿ. ಮಗನ ಕೈಲಿ ಹೊಸ ತಂತಿ ಎಳೆಸಿದ, ಹಳೆಯದಕ್ಕಿಂತ ಒಂದು ಸಾಲು ಜಾಸ್ತಿ. ಎರಡನೆಯ ಕೆಲಸ, ಊರಲ್ಲೆಲ್ಲ ಪಕ್ಕೆ ಹಿಡಿದುಕೊಂಡು ಓಡಾಡಿ, ತಮ್ಮನ ಮಗಳು ಹಗೆ ತೀರಿಸಿಕೊಳ್ಳಲು ನನ್ನ ಮೂಳೆ ಮುರಿದಳು ಎಂದು ಹೇಳಿಕೊಂಡು ಬಂದದ್ದು. ಕೇಳಿದವರು ನಕ್ಕರು, ಕೆಲವರು ನಂಬಿದರು. ದೊಡ್ಡವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಮಾತು ಬಿಟ್ಟ ಮನೆಗಳಲ್ಲಿ ಹೇಳಬೇಕಾದ್ದನ್ನು ದನಕ್ಕೋ ನಾಯಿಗೋ ಹೇಳುವುದುಂಟು. ಒಂದು ಸಂಜೆ ನಾನು ಬದುವಿನ ಮೇಲೆ ಬರುವಾಗ ಅವನು ತನ್ನ ಹಸುವಿನ ಬೆನ್ನು ಸವರುತ್ತಾ, ಯಾರೋ ಪುಣ್ಯಾತ್ಮರು ಮುರಿದ ಪಕ್ಕೆ ಮೋಡ ಕವಿದರೆ ನೋಯುತ್ತದೆ ಎಂದು ಅದಕ್ಕೆ ಹೇಳಿದ. ನಾನು ನಮ್ಮ ಎಮ್ಮೆಯ ಕಡೆ ತಿರುಗಿ, ಬಿಟ್ಟಿದ್ದರೆ ಯಾವ ನೋವೂ ಇರುತ್ತಿರಲಿಲ್ಲ, ಮೋಡವೂ ಕಾಣುತ್ತಿರಲಿಲ್ಲ ಎಂದೆ. ಅವನು ಉಗಿದ. ನಾನೂ ಉಗಿದೆ. ಅವನು ಬದುಕಿ ಬಂದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ಅವರೆಕಾಯಿ ಕಾಲ ಬಂತು. ಒಂದು ಮುಂಜಾನೆ ಕೆಲಸಕ್ಕೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ದೊಡ್ಡವ್ವ ನಿಂತಿದ್ದಳು. ಬೇಲಿ ದಾಟಿ ಹೇಗೆ ಬಂದಳೋ, ಸೆರಗು ಹರಿದಿತ್ತು. ದನಕ್ಕೆ ಹೇಳಲಿಲ್ಲ, ನಾಯಿಗೆ ಹೇಳಲಿಲ್ಲ, ನನ್ನ ಮುಖ ನೋಡಿಯೇ ಹೇಳಿದಳು.

‘ಎಬ್ಬುಸ್ದ್ರೆ ಏಳ್ತಿಲ್ಲ. ನೀನು ಬಂದು ನೋಡವ್ವ. ಅವತ್ತು ನೋಡ್ದಲ್ಲ, ಅಂಗೇ ಕುತ್ಗೇಲಿ ನೋಡು.’

ಹೋದೆ. ಅಪ್ಪನೂ ಹಿಂದೆ ಬಂದ. ದೊಡ್ಡಪ್ಪ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಣ್ಣ ಪಕ್ಕದಲ್ಲಿ ಕೂತಿದ್ದ, ಈ ಸಲ ಮಣಿಕಟ್ಟು ಹಿಡಿದಿರಲಿಲ್ಲ, ಎದ್ದು ನನಗೆ ಜಾಗ ಬಿಟ್ಟ. ಭುಜ ಮುಟ್ಟಿದ ಕೂಡಲೇ ನನಗೆ ತಿಳಿಯಿತು. ರಾತ್ರಿಯೇ ಹೋಗಿದ್ದಾನೆ, ಮೈ ತಣ್ಣಗೆ ಸೆಟೆದಿದೆ, ಒತ್ತಿ ಪ್ರಯೋಜನವಿಲ್ಲ. ಹಾಗೆಂದು ಹೇಳಿ ಏಳಬಹುದಿತ್ತು. ಆದರೆ ದೊಡ್ಡವ್ವ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಕಲಿತ ಹಾಗೆ ಎಲ್ಲವನ್ನೂ ಮಾಡಿದೆ. ಭುಜ ತಟ್ಟಿದೆ. ಕೂಗಿದೆ.

‘ದೊಡ್ಡಪ್ಪ’ ಎಂದೆ.

ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಬಂದದ್ದಕ್ಕೆ ನನ್ನ ಮೇಲೆ ನನಗೇ ಉರಿಯಿತು. ಎರಡು ಬೆರಳನ್ನು ಅದೇ ತಗ್ಗಿನಲ್ಲಿಟ್ಟು, ಇಡಬೇಕಾದಷ್ಟು ಹೊತ್ತಿಗಿಂತ ಹೆಚ್ಚೇ ಇಟ್ಟೆ. ಆಮೇಲೆ ದೊಡ್ಡವ್ವನ ಕಡೆ ತಿರುಗಿ ಇಲ್ಲ ಎಂದು ತಲೆಯಾಡಿಸಿದೆ. ಅವಳು ಸರಿ ಎಂದಳು. ನಿಜವಾ ಎಂದು ಆ ಮನೆಯಲ್ಲಿ ಯಾರೂ ನನ್ನನ್ನು ಎರಡನೆಯ ಸಲ ಕೇಳಲಿಲ್ಲ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಹೆಣ ಮುಟ್ಟಿದ್ದೇನಲ್ಲ, ಅದಕ್ಕೆ ಎಂದು ಅಪ್ಪನಿಗೆ ಕೇಳುವ ಹಾಗೆ ಹೇಳಿದೆ. ತನ್ನಣ್ಣನ ಹೆಣವನ್ನು ಮಣ್ಣು ಮಾಡಿ ಬಂದ ಅಪ್ಪನೂ ನೀರು ಹಾಕಿಕೊಂಡು, ಒದ್ದೆ ತಲೆಯಲ್ಲೇ ಗೋಡೆಗೆ ಒರಗಿ ಕೂತ. ಗೋಡೆಯಾಚೆ ದೊಡ್ಡವ್ವ ಅಳುತ್ತಿದ್ದಳು, ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಕಾದಿದ್ದ ದಿನ ಇದು. ಒಲೆಯ ಮೇಲೆ ಬೇಳೆ ಬೆಂದಿತ್ತು. ಸಾಸಿವೆ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು, ಒಣಮೆಣಸಿನಕಾಯಿ ಇತ್ತು, ಎಣ್ಣೆ ಇತ್ತು. ಎದ್ದು ಕಿಟಕಿಯನ್ನೂ ತೆರೆದೆ. ಅವನ ಮೇಲಿನ ಸಿಟ್ಟು ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಸ್ವಲ್ಪ ಹೊತ್ತು ನಿಂತಿದ್ದು ಕಿಟಕಿ ಮುಚ್ಚಿದೆ. ಬೇಳೆಗೆ ಉಪ್ಪು ಹಾಕಿ, ಒಗ್ಗರಣೆಯಿಲ್ಲದ ಸಾರನ್ನು ಮುದ್ದೆಯ ಜೊತೆ ಅಪ್ಪನ ಮುಂದಿಟ್ಟೆ. ಅವನು ಏನೂ ಕೇಳದೆ ಉಂಡ.